ಕಲ್ಪಿತ ಹೆಸರುಗಳಲ್ಲಿ ಅಪಾಸ್ಟ್ರಫಿ: ಯಾವ ಕೆಲಸಕ್ಕೆ ಇಡಬೇಕು, ಯಾವಾಗ ಕೈಬಿಡಬೇಕು

ಕಲ್ಪಿತ ಲೋಕವೊಂದರ ಕಥೆ ಬರೆಯುವವರು ಪಾತ್ರಕ್ಕೆ “ಮಿರಾಎನ್” ಎಂದು ಹೆಸರಿಡಬೇಕೋ, “ಮಿರಾ’ಎನ್” ಎಂದು ನಡುವೆ ಅಪಾಸ್ಟ್ರಫಿ ಹಾಕಬೇಕೋ, “ಮಿರಾಯೆನ್” ಎಂದು ಸರಾಗವಾಗಿ ಬಿಡಬೇಕೋ ಎಂಬುದು ಮೇಲ್ನೋಟಕ್ಕೆ ಬರಿಯ ಅಲಂಕಾರದ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಕಾದಂಬರಿ ಮುಗಿಯುವುದರೊಳಗೆ ಆ ಹೆಸರು ನೂರಾರು ಸಲ ಓದುಗರ ಕಣ್ಣಿಗೆ ಬೀಳುತ್ತದೆ, ಮತ್ತು ಪ್ರತಿ ಸಲವೂ ಅವರು ಆ ಗುರುತಿನ ಬಗ್ಗೆ ಏನಾದರೊಂದು ತೀರ್ಮಾನ ಮಾಡಲೇಬೇಕಾಗುತ್ತದೆ: ಅಲ್ಲಿ ಉಸಿರು ತಡೆದು ನಿಲ್ಲಬೇಕು, ಇಲ್ಲವೇ ಒಂದು ಗಿಡ್ಡ ಸ್ವರವನ್ನು ತುಂಬಿಕೊಳ್ಳಬೇಕು, ಅದೂ ಅಲ್ಲವಾದರೆ ಗುರುತು ಇಲ್ಲವೇ ಇಲ್ಲವೆಂಬಂತೆ ದಾಟಿ ಹೋಗಬೇಕು. ಇಂಗ್ಲಿಷ್ ಓದುಗರಿಗೆ ಬರೆದೂ ಉಚ್ಚರಿಸದ ಅಕ್ಷರಗಳ ರೂಢಿಯಿದೆ. ಕನ್ನಡದ ಓದುಗರು ಬರೆದಂತೆ ಓದಿ ಬೆಳೆದವರು. ಪುಟದ ಮೇಲಿರುವ ಗುರುತಿಗೆ ನಾಲಿಗೆಯ ಮೇಲೂ ಒಂದು ಕೆಲಸವಿರುತ್ತದೆಂದು ನಂಬುವವರು. ಆ ನಂಬಿಕೆಯನ್ನು ಉಳಿಸಿಕೊಳ್ಳುವುದೇ ಇಲ್ಲಿ ನಿಜವಾದ ಹೊಣೆ ಎಂದು ನಾನು ತಿಳಿದಿದ್ದೇನೆ.

ಜಗತ್ತಿನ ನಿಜವಾದ ಭಾಷೆಗಳಲ್ಲಿ ಈ ಪುಟ್ಟ ಗುರುತು ಒಂದಲ್ಲ, ಹಲವು ಕೆಲಸಗಳನ್ನು ಮಾಡುತ್ತದೆ, ಮತ್ತು ಅವು ಕೆಲವೊಮ್ಮೆ ಒಂದಕ್ಕೊಂದು ವಿರುದ್ಧವಾಗಿಯೂ ಇರುತ್ತವೆ. ಉಕ್ರೇನಿಯನ್ ಬರಹದಲ್ಲಿ ಅಪಾಸ್ಟ್ರಫಿ “ಹಿಂದಿನ ವ್ಯಂಜನವನ್ನು ಮೃದುಗೊಳಿಸಬೇಡ”, ಅಂದರೆ ಅದಕ್ಕೆ ಯಕಾರದ ಛಾಯೆ ಬೆರೆಸಬೇಡ, ಎಂದು ಹೇಳುತ್ತದೆ. ರಷ್ಯನ್ ಪದಗಳನ್ನು ರೋಮನ್ ಲಿಪಿಗೆ ತರುವಾಗ ಬಳಸುವ ಅದೇ ಗುರುತು “ಹಿಂದಿನ ವ್ಯಂಜನವನ್ನು ಮೃದುಗೊಳಿಸು” ಎನ್ನುತ್ತದೆ. ಹಾಗಾಗಿ ಅಪಾಸ್ಟ್ರಫಿಯನ್ನು ಹೇಗೆ ಉಚ್ಚರಿಸಬೇಕೆಂಬ ಪ್ರಶ್ನೆಗೆ ಸಾರ್ವತ್ರಿಕವಾದ ಉತ್ತರವೇ ಇಲ್ಲ. ಲೇಖಕರು ತಮ್ಮ ಕಲ್ಪಿತ ಭಾಷೆಯಲ್ಲಿ ಅದಕ್ಕೆ ಯಾವ ಕೆಲಸ ಕೊಟ್ಟಿದ್ದಾರೆಂಬುದರ ಮೇಲೆ ಉತ್ತರ ನಿಂತಿರುತ್ತದೆ. ಆ ಕೆಲಸಗಳನ್ನು ಒಂದರ ಪಕ್ಕ ಒಂದಿಟ್ಟು, ಕನ್ನಡ ಲಿಪಿಯಲ್ಲಿ ಬರೆಯುವವರಿಗೆ ಯಾವುದು ಹೊಂದುತ್ತದೆ, ಯಾವುದು ಹೊಂದುವುದಿಲ್ಲ ಎಂದು ನೋಡೋಣ.

ಗಂಟಲಲ್ಲಿ ಉಸಿರು ತಡೆಯುವ ಅಪಾಸ್ಟ್ರಫಿ

ಭಾಷಾಶಾಸ್ತ್ರಜ್ಞರು ಗ್ಲಾಟಲ್ ಸ್ಟಾಪ್ ಎಂದು ಕರೆಯುವ ಧ್ವನಿಯನ್ನು ಇಲ್ಲಿ ಗಂಟಲ ತಡೆ ಎನ್ನುತ್ತೇನೆ. “ಪ” ಎನ್ನುವಾಗ ತುಟಿಗಳು, “ತ” ಎನ್ನುವಾಗ ನಾಲಿಗೆಯ ತುದಿ ಉಸಿರನ್ನು ಕ್ಷಣಕಾಲ ತಡೆಯುವಂತೆ, ಇಲ್ಲಿ ಧ್ವನಿತಂತುಗಳೇ ಒಂದಕ್ಕೊಂದು ಅಂಟಿ ಉಸಿರನ್ನು ತಡೆದು ಬಿಡುತ್ತವೆ. ಕನ್ನಡದ ವರ್ಣಮಾಲೆಯಲ್ಲಿ ಇದಕ್ಕೆ ಅಕ್ಷರವಿಲ್ಲ. ಆದರೆ ನಮ್ಮ ಗಂಟಲಿಗೆ ಇದು ಹೊಸದಲ್ಲ. ಕೆಮ್ಮು ಹೊರಬೀಳುವುದಕ್ಕೆ ತುಸು ಮುಂಚೆ ಗಂಟಲು ಬಿಗಿದುಕೊಳ್ಳುವುದೂ, ಬಾಯಿ ತೆರೆಯದೆ “ಉಂ-ಉಂ” ಎಂದು ನಿರಾಕರಿಸುವಾಗ ಎರಡು ತುಂಡುಗಳ ನಡುವೆ ಧ್ವನಿ ಕಡಿದುಹೋಗುವುದೂ ಇದೇ ತಡೆ. ಲಂಡನ್ನಿನ ಆಡುಮಾತಿನಲ್ಲಿ “ಬಾಟಲ್” ಎಂಬ ಪದದ ನಡುವಿನ ಟಕಾರ ಮಾಯವಾಗಿ ಅದರ ಜಾಗದಲ್ಲಿ ಕೇಳುವುದೂ ಇದೇ.

ಕೆಲವು ಭಾಷೆಗಳಲ್ಲಿ ಇದು ಪೂರ್ಣ ಪ್ರಮಾಣದ ವ್ಯಂಜನ. ಹವಾಯಿಯನ್ ಭಾಷೆಯ ವ್ಯಂಜನಗಳು ಎಂಟೇ ಎಂಟು. ಅವುಗಳಲ್ಲಿ ಒಂದು “ಒಕಿನಾ” ಎಂಬ ಈ ತಡೆ. ಅಲ್ಲಿ “ಕೊಉ” ಎಂದರೆ ನಿನ್ನದು, “ಕೊ’ಉ” ಎಂದರೆ ನನ್ನದು. ಗುರುತನ್ನು ಬಿಟ್ಟರೆ ವಸ್ತುವಿನ ಒಡೆತನವೇ ಬದಲಾಗುತ್ತದೆ. ಅರಬ್ಬಿಯ ಹಮ್ಜಾ ಕೂಡ ಇಂಥದೇ ವ್ಯಂಜನ. ಕಲ್ಪಿತ ಭಾಷೆಗಳನ್ನು ಶ್ರದ್ಧೆಯಿಂದ ಕಟ್ಟಿದವರು ಅಪಾಸ್ಟ್ರಫಿಗೆ ಸಾಮಾನ್ಯವಾಗಿ ಕೊಟ್ಟಿರುವ ಕೆಲಸವೂ ಇದೇ. ಮಾರ್ಕ್ ಓಕ್ರಾಂಡ್ “ಸ್ಟಾರ್ ಟ್ರೆಕ್” ಚಲನಚಿತ್ರಗಳಿಗಾಗಿ ರೂಪಿಸಿದ, 1985ರಲ್ಲಿ ನಿಘಂಟಾಗಿ ಪ್ರಕಟವಾದ ಕ್ಲಿಂಗನ್ ಭಾಷೆಯಲ್ಲಿ ಅಪಾಸ್ಟ್ರಫಿ ಒಂದು ಅಕ್ಷರವೇ ಆಗಿದೆ. ಪಾಲ್ ಫ್ರೋಮರ್ 2009ರ “ಅವತಾರ್” ಚಲನಚಿತ್ರಕ್ಕಾಗಿ ರೂಪಿಸಿದ ನಾ’ವಿ ಭಾಷೆಯಲ್ಲಿ, ಭಾಷೆಯ ಹೆಸರಿನ ನಡುವೆಯೇ ಆ ತಡೆ ಕುಳಿತಿದೆ.

ಕನ್ನಡದಲ್ಲಿ ಬರೆಯುವವರಿಗೆ ಈ ಆಯ್ಕೆ ವಿಶೇಷವಾಗಿ ಉಪಯುಕ್ತವಾಗುವುದಕ್ಕೆ ನಮ್ಮ ಭಾಷೆಯ ಸ್ವಭಾವವೇ ಕಾರಣ. ಎರಡು ಸ್ವರಗಳು ಎದುರಾದಾಗ ಕನ್ನಡದ ನಾಲಿಗೆ ನಡುವೆ ಯಕಾರವನ್ನೋ ವಕಾರವನ್ನೋ ತಂದು ಕೂರಿಸುತ್ತದೆ: “ಮನೆ”ಗೆ “ಇಂದ” ಸೇರಿದರೆ “ಮನೆಯಿಂದ”, “ಗುರು”ವಿಗೆ “ಅನ್ನು” ಸೇರಿದರೆ “ಗುರುವನ್ನು”. ವ್ಯಾಕರಣದಲ್ಲಿ ಇದನ್ನು ಆಗಮಸಂಧಿ ಎಂದು ಕಲಿಯುವುದಕ್ಕೂ ಮೊದಲೇ ಮಗು ಇದನ್ನು ಮಾತಿನಲ್ಲಿ ಮಾಡುತ್ತಿರುತ್ತದೆ. ಆದ್ದರಿಂದ “ಮಿರಾಎನ್” ಎಂದು ಬರೆದರೂ ವೇಗವಾಗಿ ಓದುವವರ ಬಾಯಲ್ಲಿ ಅದು “ಮಿರಾಯೆನ್” ಆಗಿಬಿಡುತ್ತದೆ. “ನೋಅರ್” ಎಂಬ ಹೆಸರು “ನೋವರ್” ಆಗಿ, ಇಲ್ಲದ “ನೋವು” ಅದರೊಳಗೆ ನುಸುಳುತ್ತದೆ. “ಮಿರಾ’ಎನ್”, “ನೋ’ಅರ್” ಎಂದು ಬರೆದಾಗ ಅಪಾಸ್ಟ್ರಫಿ ಆ ಆಗಮವನ್ನು ಬಾಗಿಲಲ್ಲೇ ತಡೆಯುತ್ತದೆ. “ಅಯ್ಯೋ ಇದೇನು” ಎಂಬಲ್ಲಿ ಸ್ವರಗಳು ಸಂಧಿಯಾಗದೆ ತಮ್ಮ ತಮ್ಮ ರೂಪದಲ್ಲೇ ಉಳಿಯುವುದನ್ನು ನಮ್ಮ ವೈಯಾಕರಣರು ಪ್ರಕೃತಿಭಾವ ಎಂದಿದ್ದಾರೆ. ಅಲ್ಲಿ ಪದಗಳ ನಡುವಿನ ಖಾಲಿ ಜಾಗ ಮಾಡುವ ಕೆಲಸವನ್ನು ಒಂದೇ ಪದದ ಒಳಗೆ ಅಪಾಸ್ಟ್ರಫಿ ಮಾಡಬಲ್ಲದು. ಕನ್ನಡದ ಕಲ್ಪಿತ ಹೆಸರಿನಲ್ಲಿ ಈ ಗುರುತಿಗೆ ಸಿಗಬಹುದಾದ ಅತ್ಯಂತ ಪ್ರಾಮಾಣಿಕವಾದ ಕೆಲಸ ಇದೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆದರೆ ಈ ಆಯ್ಕೆಗೆ ಒಂದು ಷರತ್ತಿದೆ. ಗಂಟಲ ತಡೆ ನಿಮ್ಮ ಕಲ್ಪಿತ ಭಾಷೆಯ ನಿಜವಾದ ವ್ಯಂಜನವಾಗಿದ್ದರೆ ಅದು ರಾಜಕುಮಾರರ ಹೆಸರುಗಳಲ್ಲಿ ಮಾತ್ರ ಕಾಣಿಸಿಕೊಳ್ಳಲಾರದು. ನೀರಿಗೆ, ಬಾಗಿಲಿಗೆ, ತಾಯಿಗೆ ಆ ಜನ ಏನೆನ್ನುತ್ತಾರೋ ಅಲ್ಲೂ ಅದು ಆಗೊಮ್ಮೆ ಈಗೊಮ್ಮೆ ಬರಬೇಕು. ಹಳ್ಳಿಗಳ ಹೆಸರಿನಲ್ಲಿ, ಬೈಗುಳದಲ್ಲಿ, ಲಾಲಿಹಾಡಿನ ಸಾಲಿನಲ್ಲಿ ಇಲ್ಲದ ಧ್ವನಿ ನಾಯಕನ ಹೆಸರಿನಲ್ಲಿ ಮಾತ್ರ ಇದೆಯೆಂದರೆ ಅದು ಭಾಷೆಯಿಂದ ಬಂದದ್ದಲ್ಲವೆಂದು ಎಚ್ಚರದ ಓದುಗರು ಕಂಡುಕೊಳ್ಳುತ್ತಾರೆ. ಹವಾಯಿಯನ್ನಿನ “ಕೊಉ” ಮತ್ತು “ಕೊ’ಉ” ಜೋಡಿಯಂತೆ, ಗುರುತೊಂದರಿಂದಲೇ ಅರ್ಥ ಬೇರೆಯಾಗುವ ಒಂದು ಜೋಡಿ ಪದವನ್ನು ಲೇಖಕರು ಮೊದಲು ತಮಗಾಗಿ ಕಟ್ಟಿಕೊಂಡು ನೋಡುವುದು ಒಳ್ಳೆಯ ಪರೀಕ್ಷೆ. ಅಂಥ ಜೋಡಿಯನ್ನು ಕಥೆಯೊಳಗೆ ಒಮ್ಮೆ ತಂದರೆ, ಹೊರಗಿನವನೊಬ್ಬ ಹೆಸರನ್ನು ತಪ್ಪಾಗಿ ಹೇಳಿ ತಿದ್ದಿಸಿಕೊಳ್ಳುವ ಚಿಕ್ಕ ಸನ್ನಿವೇಶವೊಂದರಲ್ಲಿ ಉಚ್ಚಾರಣೆಯ ಪಾಠವೂ ಮುಗಿದುಹೋಗುತ್ತದೆ. ಪುಸ್ತಕದ ಆರಂಭದಲ್ಲಿ ಪ್ರತ್ಯೇಕ ಸೂಚನೆಯ ಪುಟ ಬೇಕಾಗುವುದಿಲ್ಲ.

ಬಿಟ್ಟುಹೋದ ಅಕ್ಷರದ ಗುರುತು

ಅಪಾಸ್ಟ್ರಫಿಯನ್ನು ಕನ್ನಡದಲ್ಲಿ ಲೋಪಚಿಹ್ನೆ ಎಂದೂ ಕರೆಯುವುದುಂಟು, ಏಕೆಂದರೆ ಯುರೋಪಿನ ಭಾಷೆಗಳಲ್ಲಿ ಅದರ ಹಳೆಯ ಕೆಲಸ ಬಿಟ್ಟುಹೋದ ಅಕ್ಷರವನ್ನು ತೋರಿಸುವುದು. ಫ್ರೆಂಚ್ ಭಾಷೆಯಲ್ಲಿ ಸ್ವರದಿಂದ ಆರಂಭವಾಗುವ ಪದಕ್ಕೆ ಮೊದಲು ಬರುವ, ಇಂಗ್ಲಿಷಿನ “ದಿ”ಯಂಥ “ಲ” ಉಪಪದ ತನ್ನ ಸ್ವರವನ್ನು ಕಳೆದುಕೊಂಡಾಗ ಆ ಜಾಗದಲ್ಲಿ ಈ ಗುರುತು ಉಳಿಯುತ್ತದೆ. ಅದಕ್ಕೆ ಸ್ವಂತ ಧ್ವನಿಯಿಲ್ಲ, ಎರಡೂ ಪದಗಳು ಕೂಡಿಕೊಂಡೇ ಉಚ್ಚಾರವಾಗುತ್ತವೆ. ಕಲ್ಪಿತ ಸಾಹಿತ್ಯದಲ್ಲಿ ಈ ಬಗೆಯನ್ನು ಅರ್ಥಪೂರ್ಣವಾಗಿ ಬಳಸಿದ ಉದಾಹರಣೆಯೆಂದರೆ ಆ್ಯನ್ ಮೆಕ್ಯಾಫ್ರಿ 1967ರಿಂದ ಬರೆದ ಪರ್ನ್ ಗ್ರಹದ ಕಥೆಗಳು. ಅಲ್ಲಿ ಡ್ರ್ಯಾಗನ್ನಿನೊಡನೆ ಬಂಧ ಕೂಡಿಸಿಕೊಂಡ ಯುವಕನ ಹೆಸರು ಗೌರವಸೂಚಕವಾಗಿ ಸಂಕ್ಷಿಪ್ತವಾಗುತ್ತದೆ. ಅಪಾಸ್ಟ್ರಫಿ ಕಂಡ ಕೂಡಲೇ ಇವನು ಸವಾರನೆಂದು ಓದುಗರಿಗೆ ಗೊತ್ತಾಗುತ್ತದೆ. ಗುರುತು ಅಲ್ಲಿ ಧ್ವನಿಗಿಂತ ಹೆಚ್ಚಾಗಿ ಸಮಾಜದ ಒಂದು ಪದ್ಧತಿಯನ್ನು ಹೇಳುತ್ತದೆ. ಬೇರೆ ಯಾವ ಕೆಲಸಕ್ಕೂ ಅದನ್ನು ಸುಲಭವಾಗಿ ಒಗ್ಗಿಸಲಾಗದು ಎಂಬುದೇ ಆ ಬಳಕೆಯ ಬಲ.

ಈ ಪದ್ಧತಿಯನ್ನು ಕನ್ನಡಕ್ಕೆ ತರುವಾಗ ಎರಡು ತೊಡಕುಗಳು ಎದುರಾಗುತ್ತವೆ. ಮೊದಲನೆಯದು, ಕನ್ನಡ ತನ್ನ ಲೋಪಗಳಿಗೆ ಗುರುತು ಉಳಿಸುವ ಭಾಷೆಯಲ್ಲ. “ಊರು” ಮತ್ತು “ಅಲ್ಲಿ” ಸೇರಿ “ಊರಲ್ಲಿ” ಆದಾಗ ಬಿದ್ದುಹೋದ ಉಕಾರಕ್ಕೆ ನಾವು ಯಾವ ಸ್ಮಾರಕವನ್ನೂ ನಿಲ್ಲಿಸುವುದಿಲ್ಲ. “ಹೋಗುತ್ತೇನೆ” ಎಂಬುದು ಆಡುಮಾತಿನಲ್ಲಿ “ಹೋಗ್ತೇನೆ” ಆದಾಗಲೂ ಅಷ್ಟೆ. ಹೀಗಾಗಿ ಲೋಪವನ್ನು ಸೂಚಿಸಲು ಹಾಕಿದ ಅಪಾಸ್ಟ್ರಫಿಯನ್ನು ಕನ್ನಡದ ಓದುಗರು ಲೋಪವೆಂದು ತಾವಾಗಿಯೇ ಗುರುತಿಸುವ ಸಂಭವ ಕಡಿಮೆ. ಎರಡನೆಯ ತೊಡಕು ಲಿಪಿಗೆ ಸಂಬಂಧಿಸಿದ್ದು. “ಸುವೇರನ್” ಎಂಬ ಹುಡುಗ ದೀಕ್ಷೆ ಪಡೆದ ಮೇಲೆ ಅವನ ಹೆಸರಿನ ಮೊದಲ ಸ್ವರ ಬಿದ್ದುಹೋಗುತ್ತದೆ ಎಂದುಕೊಳ್ಳೋಣ. “ಸ’ವೇರನ್” ಎಂದು ಬರೆದರೆ ಸಕಾರದೊಳಗೆ ಅಕಾರ ಅಡಗಿಯೇ ಇರುವುದರಿಂದ ಸ್ವರ ಬಿದ್ದಂತಾಗದೆ ಬದಲಾದಂತಾಗುತ್ತದೆ. “ಸ್ವೇರನ್” ಎಂದು ಒತ್ತಕ್ಷರ ಮಾಡಿದರೆ ಧ್ವನಿ ಸರಿಹೋಗುತ್ತದೆ, ಆದರೆ ಪದ್ಧತಿಯ ಗುರುತು ಕಣ್ಮರೆಯಾಗುತ್ತದೆ. “ಸ್’ವೇರನ್” ಎಂದು ಅರ್ಧಾಕ್ಷರದ ಪಕ್ಕದಲ್ಲಿ ಚಿಹ್ನೆ ಇಟ್ಟರೆ ಮಾತ್ರ ಧ್ವನಿಯೂ ಗುರುತೂ ಎರಡೂ ಉಳಿಯುತ್ತವೆ. ರೋಮನ್ ಲಿಪಿಯ ಹೆಸರುಗಳನ್ನು ಕನ್ನಡಕ್ಕೆ ತರುವವರು ಹೆಚ್ಚಾಗಿ ಎಡವುವುದು ಇಲ್ಲೇ: ಅಲ್ಲಿ ಬರಿಯ ವ್ಯಂಜನವಾಗಿದ್ದದ್ದು ಇಲ್ಲಿ ಅಕಾರ ಸಹಿತವಾಗಿ ಇಳಿದುಬಿಡುತ್ತದೆ.

ಆದ್ದರಿಂದ ಲೋಪದ ಕೆಲಸಕ್ಕೆ ಅಪಾಸ್ಟ್ರಫಿಯನ್ನು ಆರಿಸುವವರು ಪೂರ್ಣರೂಪವನ್ನೂ ಸಂಕ್ಷಿಪ್ತರೂಪವನ್ನೂ ಕಥೆಯಲ್ಲಿ ಕಾಣಿಸಲೇಬೇಕು. ತಾಯಿ “ಸುವೇರನ್” ಎಂದು ಕರೆದು ನಾಲಿಗೆ ಕಚ್ಚಿಕೊಂಡು “ಸ್’ವೇರನ್” ಎಂದು ತಿದ್ದಿಕೊಳ್ಳುವ ಒಂದು ವಾಕ್ಯವಿದ್ದರೆ ಸಾಕು, ಓದುಗರು ಮುಂದೆಂದೂ ಅನುಮಾನಪಡುವುದಿಲ್ಲ. ಪೂರ್ಣರೂಪ ಕಥೆಯಲ್ಲಿ ಎಲ್ಲೂ ಬಾರದಿದ್ದರೆ ಈ ಆಯ್ಕೆಯನ್ನು ಬಿಟ್ಟು ಒತ್ತಕ್ಷರದಲ್ಲೇ ಬರೆಯುವುದು ಲೇಸು.

ವ್ಯಂಜನದ ಗುಣವನ್ನು ಹೇಳುವ ಅಪಾಸ್ಟ್ರಫಿ

ಚೀನೀ ಪದಗಳನ್ನು ರೋಮನ್ ಲಿಪಿಯಲ್ಲಿ ಬರೆಯುವ ವೇಡ್–ಜೈಲ್ಸ್ ಪದ್ಧತಿಯಲ್ಲಿ ವ್ಯಂಜನದ ನಂತರದ ಅಪಾಸ್ಟ್ರಫಿ ಆ ವ್ಯಂಜನ ಮಹಾಪ್ರಾಣವೆಂದು ಸೂಚಿಸುತ್ತಿತ್ತು. ಸ್ವಾಹಿಲಿಯಲ್ಲಿ “ಎನ್‌ಜಿ” ಜೋಡಿಯ ನಂತರ ಬರುವ ಅಪಾಸ್ಟ್ರಫಿ ಅಲ್ಲಿ ಗಕಾರ ಕೇಳಿಸಬಾರದು, ಅನುನಾಸಿಕವಷ್ಟೇ ಕೇಳಿಸಬೇಕು ಎಂದು ಹೇಳುತ್ತದೆ. ಈ ಎರಡೂ ಕೆಲಸಗಳಿಗೆ ನಮಗೆ ಅಪಾಸ್ಟ್ರಫಿಯ ಹಂಗಿಲ್ಲ. “ಥ”, “ಖ”, “ಫ” ಎಂಬ ಮಹಾಪ್ರಾಣಗಳೂ “ಙ” ಎಂಬ ಅನುನಾಸಿಕವೂ ವರ್ಣಮಾಲೆಯಲ್ಲೇ ಕುಳಿತಿವೆ. ಬಳಕೆ ತೀರ ಕಡಿಮೆಯಾಗಿರುವ “ಙ” ಅಕ್ಷರ ಕಲ್ಪಿತ ಲೋಕದ ಹೆಸರೊಂದರ ಆರಂಭದಲ್ಲಿ ನಿಂತರೆ ಅದಕ್ಕೆ ತಾನಾಗಿಯೇ ಒಂದು ಅಪರಿಚಿತ ಕಳೆ ಬರುತ್ತದೆ ಎಂಬುದನ್ನೂ ನೆನಪಿಡಬಹುದು.

ಎಜೆಕ್ಟಿವ್ ಎಂಬ ವ್ಯಂಜನಗಳ ವಿಷಯ ಬೇರೆ. ಇವನ್ನು ಉಚ್ಚರಿಸುವಾಗ ಬಾಯಲ್ಲೊಂದು, ಗಂಟಲಲ್ಲೊಂದು ಎಂದು ಎರಡು ಕಡೆ ಏಕಕಾಲದಲ್ಲಿ ತಡೆ ಉಂಟಾಗಿ, ನಡುವೆ ಸಿಕ್ಕಿಕೊಂಡ ಗಾಳಿ ಒತ್ತಡದಿಂದ ಟಕ್ಕೆಂದು ಸಿಡಿಯುತ್ತದೆ. ದಕ್ಷಿಣ ಅಮೆರಿಕದ ಕೆಚುವಾ ಭಾಷೆಯ ಕುಸ್ಕೋ ಪ್ರಭೇದದಲ್ಲಿ “ತಂತ” ಎಂದರೆ ಕೂಡಿಸಿದ್ದು, “ಥಂತ” ಎಂದರೆ ಸವೆದದ್ದು, ಅದೇ ಪದದ ಮೊದಲ ವ್ಯಂಜನವನ್ನು ಎಜೆಕ್ಟಿವ್ ಆಗಿ ಸಿಡಿಸಿದರೆ ರೊಟ್ಟಿ. ಈ ಮೂರನೆಯ ಪದವನ್ನು ಕನ್ನಡದಲ್ಲಿ ಬರೆಯುವುದು ಹೇಗೆ? ರೋಮನ್ ಲಿಪಿಯಲ್ಲಿ ಗುರುತು ವ್ಯಂಜನಕ್ಕೂ ಸ್ವರಕ್ಕೂ ನಡುವೆ ಬರುತ್ತದೆ; ಕನ್ನಡದಲ್ಲಿ ಸ್ವರ ವ್ಯಂಜನದ ಮೈಗೇ ಅಂಟಿಕೊಂಡಿರುತ್ತದೆ. ತಕಾರದ ನಂತರ ಅಪಾಸ್ಟ್ರಫಿ ಇಟ್ಟು ಆಮೇಲೆ ಸೊನ್ನೆಯನ್ನು ಟೈಪಿಸಿದರೆ, ಆ ಸೊನ್ನೆ ತನ್ನ ಅಕ್ಷರದಿಂದ ಬೇರ್ಪಟ್ಟು ಅನೇಕ ಪರದೆಗಳ ಮೇಲೆ ಚುಕ್ಕಿಗಳ ವೃತ್ತವೊಂದಕ್ಕೆ ತಗಲಿಕೊಂಡು ಕಾಣುತ್ತದೆ. “ತ್’ಅಂತ” ಎಂದು ಒಡೆದು ಬರೆಯಬಹುದು, ಆದರೆ ಓದುಗರು ಅದನ್ನು “ತ್” ಮತ್ತು “ಅಂತ” ಎಂದು ಎರಡಾಗಿ ಓದುತ್ತಾರೆಯೇ ಹೊರತು ಒಂದೇ ಸಿಡಿತವಾಗಿ ಅಲ್ಲ. ಹೀಗಾಗಿ ಎಜೆಕ್ಟಿವ್‌ಗಳಿರುವ ಭಾಷೆಯನ್ನು ಕಟ್ಟಬಯಸುವವರಿಗೆ ನನ್ನ ಸಲಹೆ, ಅಪಾಸ್ಟ್ರಫಿಯನ್ನು ಬದಿಗಿಟ್ಟು “ತ್ತ”, “ಕ್ಕ” ಎಂಬಂಥ ದ್ವಿತ್ವವನ್ನು ಪದದ ಆರಂಭದಲ್ಲಿ ಬಳಸಿ ನೋಡಿ ಎಂಬುದು. “ತ್ತಂತ” ಎಂಬ ರೂಪ ಅದೇ ಧ್ವನಿಯನ್ನು ಕೊಡದಿದ್ದರೂ, ಕನ್ನಡ ಪದಗಳು ದ್ವಿತ್ವದಿಂದ ಆರಂಭವಾಗುವುದಿಲ್ಲವಾದ್ದರಿಂದ, ಬಿಗಿಯಾಗಿ ಒತ್ತಿ ಹೇಳಬೇಕೆಂಬ ಸೂಚನೆಯನ್ನು ತಕ್ಷಣ ಕೊಡುತ್ತದೆ. ಫ್ರೋಮರ್ ಅವರ ನಾ’ವಿಯಲ್ಲೂ ಎಜೆಕ್ಟಿವ್‌ಗಳಿಗೆ ಬೇರೆ ಬರಹವಿದೆ: ವ್ಯಂಜನದ ನಂತರ ರೋಮನ್ನಿನ “ಎಕ್ಸ್” ಬರುತ್ತದೆ, ಅಪಾಸ್ಟ್ರಫಿ ಗಂಟಲ ತಡೆಗೇ ಮೀಸಲಾಗಿ ಉಳಿಯುತ್ತದೆ. ಒಂದು ಗುರುತಿಗೆ ಒಂದೇ ಕೆಲಸ ಎಂಬ ಆ ಶಿಸ್ತನ್ನು ಯಾವ ಲಿಪಿಯಲ್ಲಿ ಬರೆಯುವವರೂ ಅನುಸರಿಸಬಹುದು.

ಗಡಿಯನ್ನು ತೋರಿಸುವ ಅಪಾಸ್ಟ್ರಫಿ

ಚೀನೀ ಭಾಷೆಯ ಈಗಿನ ರೋಮನ್ ಬರಹವಾದ ಪಿನ್‌ಯಿನ್‌ನಲ್ಲಿ ಷಿಆನ್ ನಗರದ ಹೆಸರಿನ ನಡುವೆ ಅಪಾಸ್ಟ್ರಫಿ ಬರುತ್ತದೆ. ಅದಕ್ಕೆ ಧ್ವನಿಯಿಲ್ಲ, ಇದು “ಷಿ” ಮತ್ತು “ಆನ್” ಎಂಬ ಎರಡು ಉಚ್ಚಾರಾಂಶಗಳು, ಒಂದೇ ಉಚ್ಚಾರಾಂಶವಲ್ಲ ಎಂದು ಹೇಳುವುದಷ್ಟೇ ಅದರ ಕೆಲಸ. ಕನ್ನಡ ಲಿಪಿಗೆ ಈ ಕೆಲಸ ಹುಟ್ಟಿನಿಂದಲೇ ಗೊತ್ತು. ಅಕ್ಷರವೆಂಬ ಘಟಕವೇ ಉಚ್ಚಾರಾಂಶದ ಸುತ್ತ ಕಟ್ಟಿದ್ದು; ಪದದ ನಡುವೆ ಪೂರ್ಣ ಸ್ವರಾಕ್ಷರ ಬಂದರೆ ಅಲ್ಲಿ ಹೊಸ ಉಚ್ಚಾರಾಂಶ ಆರಂಭವಾಯಿತೆಂದೇ ಅರ್ಥ. “ಕುರ್‌ಆನ್” ಎಂಬ ಬರಹವನ್ನು ಗಮನಿಸಿ. ರೋಮನ್ ಲಿಪಿಯಲ್ಲಿ ಅಪಾಸ್ಟ್ರಫಿ ಹಾಕಿ ಬರೆಯುವ ಆ ಹೆಸರನ್ನು ಕನ್ನಡದಲ್ಲಿ ಅರ್ಧಾಕ್ಷರ ಮತ್ತು ಪೂರ್ಣ ಸ್ವರದ ಜೋಡಣೆಯಿಂದಲೇ ಅಚ್ಚುಕಟ್ಟಾಗಿ ಬರೆಯಲಾಗುತ್ತಿದೆ, ಮತ್ತು ಓದುವವರು ಅದನ್ನು “ಕುರಾನ್” ಎಂದು ಕೂಡಿಸದೆ ಬಿಡಿಸಿಯೇ ಓದುತ್ತಾರೆ. ಹೀಗಾಗಿ ವ್ಯಂಜನದ ನಂತರ ಸ್ವರ ಬಂದು ನಡುವೆ ಬಿಡುವು ಬೇಕಾದ ಹೆಸರುಗಳಿಗೆ, ಉದಾಹರಣೆಗೆ “ತಲ್‌ಈನ್” ಎಂಬುದಕ್ಕೆ, ಅಪಾಸ್ಟ್ರಫಿ ಅನಗತ್ಯ. ಸ್ವರದ ನಂತರ ಸ್ವರ ಬಂದಾಗ ಮಾತ್ರ, ಮೇಲೆ ಹೇಳಿದ ಆಗಮದ ಭಯ ಇರುವುದರಿಂದ, ಅದಕ್ಕೊಂದು ನ್ಯಾಯವಾದ ಕಾರಣ ಸಿಗುತ್ತದೆ.

ಕುಲನಾಮವನ್ನೋ ವಂಶಸೂಚಕವನ್ನೋ ವೈಯಕ್ತಿಕ ಹೆಸರಿನಿಂದ ಬೇರ್ಪಡಿಸಲು ಅಪಾಸ್ಟ್ರಫಿ ಬಳಸುವವರು ಸಾಮಾನ್ಯವಾಗಿ ಐರಿಷ್ ಮನೆತನದ ಹೆಸರುಗಳ ಆರಂಭದಲ್ಲಿರುವ “ಓ’” ಅನ್ನು ಮಾದರಿಯಾಗಿ ಇಟ್ಟುಕೊಳ್ಳುತ್ತಾರೆ. ಐರಿಷ್ ಭಾಷೆಯಲ್ಲಿ ಅದು “ವಂಶಜ” ಎಂಬರ್ಥದ ಸ್ವತಂತ್ರ ಪದ. ಅಲ್ಲಿ ಅದನ್ನು ದೀರ್ಘದ ಗುರುತಿನೊಂದಿಗೆ, ಜಾಗ ಬಿಟ್ಟು ಬರೆಯುತ್ತಾರೆ. ಅಪಾಸ್ಟ್ರಫಿ ಬಂದದ್ದು ಇಂಗ್ಲಿಷ್ ಬರಹದಿಂದ. ಅರಬ್ಬಿಯ “ಅಲ್” ಉಪಪದಕ್ಕೂ ರೋಮನ್ ಲಿಪ್ಯಂತರದಲ್ಲಿ ಬರುವುದು ಅಡ್ಡಗೆರೆ. ಕಲ್ಪಿತ ಹೆಸರಿನಲ್ಲೂ ಈ ಕೆಲಸಕ್ಕೆ ಜಾಗ ಬಿಡುವುದೇ ಮೇಲು. “ದಾ ವೇರನ್” ಎಂದರೆ ವೇರನ್ ಕುಲದವನೆಂದು ಎರಡು ಸಲ ಬಳಕೆಯಾದ ಕೂಡಲೇ ಗೊತ್ತಾಗುತ್ತದೆ. “ದಾ’ವೇರನ್” ಎಂದರೆ ಅಲ್ಲಿ ಉಸಿರು ತಡೆಯಬೇಕೋ ಬೇಡವೋ ಎಂಬ ಪ್ರಶ್ನೆ ಕೊನೆಯವರೆಗೂ ಉಳಿಯುತ್ತದೆ.

ಬರಿಯ ಅಪರಿಚಿತತೆಗಾಗಿ

ಯಾವ ಕೆಲಸವೂ ಇಲ್ಲದೆ, ಹೆಸರು ದೂರದ್ದಾಗಿ ಕಾಣಲೆಂದು ಹಾಕುವ ಅಪಾಸ್ಟ್ರಫಿಯನ್ನು ನಾನು ಒಪ್ಪುವುದಿಲ್ಲ. ಇದಕ್ಕೆ ಒಂದೇ ಒಂದು ವಿನಾಯಿತಿ ಇದೆ. ಲವ್‌ಕ್ರಾಫ್ಟ್ ಎಂಬ ಭಯಾನಕ ಕಥೆಗಳ ಲೇಖಕ 1928ರಲ್ಲಿ ಪ್ರಕಟಿಸಿದ ಕಥೆಯಲ್ಲಿ ಬರುವ ಮುಳುಗಿದ ನಗರದ ಹೆಸರಿನಲ್ಲಿ ರಕಾರದ ನಂತರ ಅಪಾಸ್ಟ್ರಫಿಯಿದೆ. ಅಲ್ಲಿನ ಮಾತು ಮನುಷ್ಯರ ಬಾಯಿಗಾಗಿ ಹುಟ್ಟಿದ್ದಲ್ಲ ಎಂಬುದೇ ಕಥೆಯ ಭಯದ ತಿರುಳು, ಆದ್ದರಿಂದ ಓದುಗರ ನಾಲಿಗೆ ತಡವರಿಸುವುದು ಅಲ್ಲಿ ಕಥೆಗೆ ಬೇಕಾದದ್ದೇ. ಅಂಥ ಉದ್ದೇಶವಿಲ್ಲದೆ, ಸಂತೆಗೆ ಹೋಗಿ ಬರುವ, ಮಕ್ಕಳನ್ನು ಸಾಕುವ ಸಾಮಾನ್ಯ ಪಾತ್ರಗಳ ಹೆಸರಿಗೆ ಇದನ್ನು ತಗಲಿಸಿದರೆ ಓದುಗರು ಅವರಿಂದ ದೂರ ಉಳಿಯುತ್ತಾರೆ. ಇನ್ನೂ ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಕಥೆಯಲ್ಲಿ “ನಮ್ಮವರ” ಹೆಸರುಗಳೆಲ್ಲ ಸರಾಗವಾಗಿದ್ದು, ಶತ್ರುಗಳ ಅಥವಾ ಕಾಡಿನವರ ಹೆಸರುಗಳಲ್ಲಿ ಮಾತ್ರ ಅಪಾಸ್ಟ್ರಫಿ ತುಂಬಿದ್ದರೆ, ಆ ಗುರುತು ಕೆಲವರನ್ನು ಹೊರಗಿಡುವ ಬೇಲಿಯಾಗುತ್ತದೆ. ಜಗತ್ತಿನಲ್ಲಿ ಗಂಟಲ ತಡೆಯನ್ನು ದಿನನಿತ್ಯ ಉಚ್ಚರಿಸುವ ನಿಜವಾದ ಜನರಿದ್ದಾರೆ. ಅವರ ಅಕ್ಷರವನ್ನು ಕ್ರೌರ್ಯದ ಲಾಂಛನವಾಗಿ ಬಳಸುವುದು ಸರಿಯಲ್ಲ.

ಬದಲಿಯಾಗಿ ಸಿಗುವ ಗುರುತುಗಳು

ಲೋಪವನ್ನು ಸೂಚಿಸಬೇಕಾದಲ್ಲಿ ನಮ್ಮಲ್ಲೇ ಅವಗ್ರಹವಿದೆ. “ಸೋಽಹಂ” ಎಂಬಲ್ಲಿ ಅದು ಬಿದ್ದುಹೋದ ಅಕಾರವನ್ನು ತೋರಿಸುತ್ತದೆ; ಅಪಾಸ್ಟ್ರಫಿಯ ಯುರೋಪಿನ ಕೆಲಸವನ್ನೇ ಅದು ಸಂಸ್ಕೃತದ ಬರಹದಲ್ಲಿ ಬಹುಕಾಲದಿಂದ ಮಾಡುತ್ತ ಬಂದಿದೆ. ಪ್ರಾಚೀನವೆನಿಸಬೇಕಾದ, ಶಾಸನಗಳೂ ಮಂತ್ರಗಳೂ ಇರುವ ಕಲ್ಪಿತ ಲೋಕಕ್ಕೆ ಇದು ಚೆನ್ನಾಗಿ ಒಪ್ಪುತ್ತದೆ. ಆದರೆ ಹಾಡುಗಳ ಬರಹದಲ್ಲಿ ಸ್ವರವನ್ನು ಎಳೆಯಬೇಕೆಂದು ಸೂಚಿಸಲೂ ಅವಗ್ರಹವನ್ನು ಬಳಸುವುದರಿಂದ, “ಮಿರಾಽಎನ್” ಎಂದು ಬರೆದರೆ ಓದುಗರು ನಿಲ್ಲುವುದರ ಬದಲು ಆಕಾರವನ್ನು ಎಳೆಯುತ್ತಾರೆ. ಗಂಟಲ ತಡೆಗೆ ಅದು ಬೇಡ. ವಿಸರ್ಗವೂ ಬೇಡ: “ನಮಃ” ಎಂಬುದನ್ನು ನಾವು “ನಮಹ” ಎಂದು ಉಚ್ಚರಿಸುವುದರಿಂದ ಅಲ್ಲಿ ಉಸಿರು ಹೊರಗೆ ಹರಿಯುತ್ತದೆ, ತಡೆಯಲ್ಲಿ ಆಗಬೇಕಾದದ್ದು ಅದರ ವಿರುದ್ಧ. ಅಡ್ಡಗೆರೆಯನ್ನು ಬಳಸಿದರೆ ಓದುಗರು ಎರಡು ಅರ್ಥಪೂರ್ಣ ತುಂಡುಗಳನ್ನು ನಿರೀಕ್ಷಿಸುತ್ತಾರೆ. ಆ ತುಂಡುಗಳಿಗೆ ನಿಜವಾಗಿಯೂ ಬೇರೆ ಬೇರೆ ಅರ್ಥವಿದ್ದರೆ ಮಾತ್ರ ಅದು ಸರಿ.

ವಾಕ್ಯದೊಳಗೆ ಇಳಿದಾಗ

ಹೆಸರು ಪಟ್ಟಿಯಲ್ಲಿ ಚೆನ್ನಾಗಿ ಕಂಡ ಮಾತ್ರಕ್ಕೆ ವಾಕ್ಯದಲ್ಲೂ ಚೆನ್ನಾಗಿ ಕಾಣಬೇಕೆಂದಿಲ್ಲ, ಏಕೆಂದರೆ ಕನ್ನಡದ ಹೆಸರು ಬರಿಗಾಲಲ್ಲಿ ನಡೆಯುವುದಿಲ್ಲ. ವಿಭಕ್ತಿ ಪ್ರತ್ಯಯವನ್ನು ತೊಟ್ಟೇ ಹೊರಡುತ್ತದೆ. ಹೆಸರನ್ನು ತೀರ್ಮಾನಿಸುವ ಮೊದಲು ಅದನ್ನು ಎಲ್ಲ ವಿಭಕ್ತಿಗಳಲ್ಲೂ ಬರೆದು ನೋಡಬೇಕು. “ಮಿರಾ’ಎನ್” ಒಬ್ಬ ಹೆಣ್ಣಿನ ಹೆಸರಾದರೆ “ಮಿರಾ’ಎನ್‌ಳನ್ನು” ಎಂದು ಬರೆಯಬೇಕಾಗಿ, ಒಂದೇ ಪದದಲ್ಲಿ ಎರಡು ಎಡವುಗಲ್ಲುಗಳಾಗುತ್ತವೆ. “ಮಿರಾ’ಎನಿ” ಎಂದು ಸ್ವರಾಂತ ಮಾಡಿದರೆ “ಮಿರಾ’ಎನಿಯನ್ನು”, “ಮಿರಾ’ಎನಿಗೆ”, “ಮಿರಾ’ಎನಿಯಿಂದ” ಎಂದು ಪ್ರತ್ಯಯಗಳು ಸಲೀಸಾಗಿ ಸೇರಿಕೊಳ್ಳುತ್ತವೆ. ಅಪಾಸ್ಟ್ರಫಿಯಲ್ಲೇ ಮುಗಿಯುವ ಹೆಸರನ್ನು ಇಡಲೇಬಾರದು: “ಸೋರಾ’” ಎಂಬ ಹೆಸರಿಗೆ “ಅನ್ನು” ಸೇರಿಸುವಾಗ ತಡೆಯನ್ನು ವ್ಯಂಜನವೆಂದು ಎಣಿಸಿ “ಸೋರಾ’ಅನ್ನು” ಎನ್ನಬೇಕೋ, ಸ್ವರಾಂತವೆಂದು ಎಣಿಸಿ “ಸೋರಾ’ವನ್ನು” ಎನ್ನಬೇಕೋ ತಿಳಿಯುವುದಿಲ್ಲ, ಎರಡೂ ಓದಲು ಕಷ್ಟ. ತುರ್ಕಿ ಭಾಷೆಯಲ್ಲಿ ಅಂಕಿತನಾಮಕ್ಕೂ ಪ್ರತ್ಯಯಕ್ಕೂ ನಡುವೆ ಅಪಾಸ್ಟ್ರಫಿ ಹಾಕುವುದು ನಿಯಮವೇ ಆಗಿದೆ. ಅದನ್ನು ಕಂಡು ಕನ್ನಡದಲ್ಲೂ ಹಾಗೆ ಮಾಡಲು ಹೊರಟರೆ, ಗುರುತು ಹೆಸರಿಗೆ ಸೇರಿದ್ದೋ ಪ್ರತ್ಯಯಕ್ಕೆ ಸೇರಿದ್ದೋ ಎಂಬ ಗೊಂದಲ ಹುಟ್ಟುತ್ತದೆ.

ಸಂಭಾಷಣೆಗೆ ಒಂಟಿ ಉದ್ಧರಣ ಚಿಹ್ನೆ ಬಳಸುವ ರೂಢಿಯಿರುವ ಲೇಖಕರು ಇಂಥ ಹೆಸರುಗಳಿರುವ ಪುಸ್ತಕದಲ್ಲಿ ಜೋಡಿ ಚಿಹ್ನೆಗೆ ಬದಲಾಗುವುದು ಒಳ್ಳೆಯದು. ಇಲ್ಲದಿದ್ದರೆ ಹೆಸರಿನ ನಡುವೆಯೇ ಮಾತು ಮುಗಿಯಿತೆಂದು ಕಣ್ಣು ಭ್ರಮಿಸುತ್ತದೆ.

ಯಾವ ಅಪಾಸ್ಟ್ರಫಿಯನ್ನು ಟೈಪಿಸಬೇಕು ಎಂಬುದೂ ಒಂದು ಆಯ್ಕೆಯೇ. ಗಣಕದಲ್ಲಿ ಪ್ರತಿ ಅಕ್ಷರಕ್ಕೂ ಗುರುತಿಗೂ ಒಂದು ಸಂಕೇತ ಕೊಡುವ ವ್ಯವಸ್ಥೆಯೇ ಯೂನಿಕೋಡ್. ಯೂನಿಕೋಡ್‌ನಲ್ಲಿ ಕೀಲಿಮಣೆಯ ನೇರ ಗುರುತಿಗೆ 0027, ಬಾಗಿದ ಗುರುತಿಗೆ 2019, ಅಕ್ಷರವೆಂದೇ ಪರಿಗಣಿಸುವ ಅಪಾಸ್ಟ್ರಫಿಗೆ 02BC, ಹವಾಯಿಯನ್ ಒಕಿನಾಕ್ಕೆ 02BB ಎಂಬ ಸಂಕೇತಗಳಿವೆ. ಮೊದಲನೆಯದು ಎಲ್ಲ ಸಾಧನಗಳಲ್ಲೂ ಸಿಗುತ್ತದೆ, ಆದರೆ ಅನೇಕ ತಂತ್ರಾಂಶಗಳು ಅದನ್ನು ತಾವಾಗಿಯೇ ಬಾಗಿದ ಗುರುತಾಗಿ ಬದಲಿಸುತ್ತವೆ. ಹೆಸರು ಅಪಾಸ್ಟ್ರಫಿಯಿಂದಲೇ ಆರಂಭವಾಗಿದ್ದರೆ ತೆರೆಯುವ ಉದ್ಧರಣ ಚಿಹ್ನೆಯಾಗಿ ತಿರುಗಿಸಿಬಿಡುತ್ತವೆ. ಅಧ್ಯಾಯವೊಂದರಲ್ಲಿ ನೇರವಾಗಿ, ಇನ್ನೊಂದರಲ್ಲಿ ಬಾಗಿ ಉಳಿದರೆ ಹುಡುಕಾಟದಲ್ಲಿ ಅರ್ಧದಷ್ಟು ಹೆಸರುಗಳು ಸಿಗದೆ ಹೋಗಬಹುದು. 02BC ತತ್ತ್ವದ ದೃಷ್ಟಿಯಿಂದ ಅತ್ಯಂತ ಸರಿಯಾದದ್ದು, ಅದು ಪದವನ್ನು ಎರಡಾಗಿ ಒಡೆಯುವುದಿಲ್ಲ. ಆದರೆ ಆಯ್ದ ಕನ್ನಡ ಅಕ್ಷರಶೈಲಿಯಲ್ಲಿ ಅದರ ರೂಪವಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಮುದ್ರಿತ ಪುಸ್ತಕಕ್ಕೆ 2019 ಅನ್ನು ಆರಿಸಿ ಆದ್ಯಂತ ಅದನ್ನೇ ಪಾಲಿಸುವುದು ಸುರಕ್ಷಿತ ದಾರಿ. ಪಾತ್ರದ ಹೆಸರು ಗಣಕದ ಆಟದೊಳಗೋ ದತ್ತಾಂಶದ ಕೋಷ್ಟಕದೊಳಗೋ ಹೋಗಬೇಕಾಗಿದ್ದರೆ ನೇರ ಗುರುತನ್ನು ದೂರವಿಡಿ, ಏಕೆಂದರೆ ಅನೇಕ ಪ್ರೋಗ್ರಾಮಿಂಗ್ ಭಾಷೆಗಳಿಗೆ ಅದು ಪಠ್ಯ ಮುಗಿಯಿತೆಂಬ ಸೂಚನೆ.

ಇತರರು ಬರೆದ ಹೆಸರುಗಳನ್ನು ಗಟ್ಟಿಯಾಗಿ ಓದುವವರಿಗೆ

ಬೇರೊಬ್ಬರು ಬರೆದ ಹೆಸರಿನಲ್ಲಿ ಅಪಾಸ್ಟ್ರಫಿ ಇದ್ದು ಅದರ ಕೆಲಸವೇನೆಂದು ಕಥೆ ಹೇಳದಿದ್ದರೆ, ಗುರುತಿನ ಎರಡೂ ಬದಿಯ ಧ್ವನಿಗಳನ್ನು ನೋಡಿ ತೀರ್ಮಾನಿಸುವುದು ಉತ್ತಮ. ಎರಡೂ ಬದಿ ಸ್ವರಗಳಿದ್ದರೆ ಗಂಟಲಲ್ಲಿ ತಡೆಯಿರಿ. ಒಂದು ಬದಿ ವ್ಯಂಜನ, ಇನ್ನೊಂದು ಬದಿ ಸ್ವರವಿದ್ದರೆ “ಕುರ್‌ಆನ್” ಎಂಬಲ್ಲಿ ಬಿಡುವಷ್ಟು ಬಿಡುವು ಸಾಕು. ಎರಡೂ ಬದಿ ವ್ಯಂಜನಗಳಿದ್ದರೆ, ಅವು ಒತ್ತಕ್ಷರವಾಗಿ ಸುಲಭವಾಗಿ ಕೂಡುವಂಥವಾದರೆ ಕೂಡಿಸಿಯೇ ಓದಿ; ಕೂಡದಿದ್ದರೆ ನಡುವೆ ಅತಿ ಗಿಡ್ಡವಾದ ಅಕಾರವನ್ನು ತಂದುಕೊಳ್ಳಿ, ಅದರ ಮೇಲೆ ಒತ್ತು ಬೀಳದಿರಲಿ. ಧ್ವನಿಪುಸ್ತಕಕ್ಕಾಗಿ ಓದುವವರು ಪುಸ್ತಕದಲ್ಲಿರುವ ಇಂಥ ಹೆಸರುಗಳನ್ನೆಲ್ಲ ಮೊದಲೇ ಬೇರೆ ಹಾಳೆಯಲ್ಲಿ ಬರೆದುಕೊಂಡು, ಪ್ರತಿಯೊಂದರ ಎದುರು ತಾವು ಓದಲಿರುವ ರೀತಿಯನ್ನು ಅಪಾಸ್ಟ್ರಫಿ ಇಲ್ಲದ ಕನ್ನಡದಲ್ಲಿ ಬರೆದು, ಲೇಖಕರು ಲಭ್ಯರಿದ್ದರೆ ಅವರಿಗೆ ಓದಿ ಕೇಳಿಸಬೇಕು. ಆ ಹಾಳೆಯಲ್ಲಿ ಯಾವ ಹೆಸರಿನ ಎದುರಿನ ಬರಹ ಮೂಲಕ್ಕಿಂತ ಸ್ಪಷ್ಟವಾಗಿ ಕಾಣುತ್ತದೋ, ಆ ಹೆಸರಿನ ಅಪಾಸ್ಟ್ರಫಿಯನ್ನು ಮುಂದಿನ ಮುದ್ರಣದಲ್ಲಿ ಕೈಬಿಡುವ ಬಗ್ಗೆ ಲೇಖಕರು ಯೋಚಿಸಬಹುದು.